ಹಿಂದಿನ ಸ್ಪೀಕರ್ ಸುಮ್ಮನಿದೆ ಅಂತ ಡಿಸ್ಕ್ ಬದಲಿಸಬೇಡಿ

ಪ್ರಶ್ನೆ: ನಾನು ಮಂಡ್ಯದವನು, ನಿವೃತ್ತ ಮೇಷ್ಟ್ರು. ಆಸ್ಟ್ರಿಯದ ಸಂಗೀತಗಾರ ಗುಸ್ತಾವ್ ಮಾಲರ್‌ನ ಎಂಟನೇ ಸಿಂಫನಿ, ದೊಡ್ಡ ಆರ್ಕೆಸ್ಟ್ರಾ, ಕೋರಸ್, ಆರ್ಗನ್ ಎಲ್ಲ ಸೇರಿದ್ದು, ಅಂದರೆ ನನಗೆ ಪ್ರಾಣ. ಸೋಲ್ಟಿ ನಡೆಸಿದ ಹಳೇ ಸ್ಟೀರಿಯೊ ರೆಕಾರ್ಡಿಂಗನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಮಹಡಿ ಮೇಲಿನ 12×14 ಅಡಿ ಕೋಣೆಯಲ್ಲಿ ಸಿನಿಮಾ ನೋಡಲೆಂದು 5.1 ಸ್ಪೀಕರ್ (ಸುತ್ತ ಐದು, ಮಂದ್ರದ ಸದ್ದಿಗೆ ಒಂದು ಸಬ್‌ವೂಫರ್) ಹಾಕಿಸಿದ್ದೇವೆ. ಎಸ್‌ಎಸಿಡಿ (ಸೂಪರ್ ಆಡಿಯೊ ಸಿಡಿ) ಓದುವ ಬ್ಲೂ-ರೇ ಪ್ಲೇಯರ್ ಕೂಡ ಇದೆ. ಸ್ನೇಹಿತರಿಂದ ಇದೇ ಸಿಂಫನಿಯ ಸ್ಯಾನ್ ಫ್ರಾನ್ಸಿಸ್ಕೊ ಆರ್ಕೆಸ್ಟ್ರಾದ ಡಿಸ್ಕ್ ತಂದು ಹಾಕಿದರೆ ಹಿಂದಿನ ಸ್ಪೀಕರ್‌ಗಳು ಹೆಚ್ಚುಕಮ್ಮಿ ಸುಮ್ಮನೆ ಕೂತಿದ್ದವು. ಆರ್ಗನ್ ಕೂಡ ಪೇಲವ. ಇದನ್ನೇ ಲಂಡನ್ನಿನ ಚರ್ಚೊಂದರಲ್ಲಿ ಮಾಡಿದ ರೆಕಾರ್ಡಿಂಗನ್ನು ಅವರ ಮನೆಯಲ್ಲೇ ಎರಡು ಸ್ಪೀಕರಿನಲ್ಲಿ ಕೇಳಿದೆ, ಎಲ್ಲಾ ಕಲಸಿದ ಹಾಗಿತ್ತು. ಮಗ ಡಿಸೆಂಬರಿನಲ್ಲಿ ಅಮೆರಿಕದಿಂದ ಬರುತ್ತಾನೆ. ಒಂದೇ ಒಂದು ತರಿಸುವುದಾದರೆ ಯಾವುದು? ‘ಮಂಡ್ಯದಲ್ಲಿ ಕೂತು ಇದೆಲ್ಲ ಯಾಕಪ್ಪಾ’ ಅಂತ ನೆಂಟರು ಬೇರೆ ಕೇಳುತ್ತಾರೆ.

ಉತ್ತರ: ಮೇಷ್ಟ್ರೇ, ನೆಂಟರ ಮಾತು ಮೊದಲು ಮುಗಿಸಿಬಿಡೋಣ. ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು. ಮೆಟ್ನರ್ ಎಂಬ ರಷ್ಯದ ಸಂಗೀತಗಾರ ವಯಸ್ಸಾಗಿ ಮೂಲೆಗುಂಪಾಗಿದ್ದಾಗ ಅವನ ಕೃತಿಗಳನ್ನು ಧ್ವನಿಮುದ್ರಿಸಲು ದುಡ್ಡು ಕೊಟ್ಟವರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದೂ ಅವರ ನೆರವಿನಿಂದಲೇ. ಮೈಸೂರಿಂದ ಮಂಡ್ಯಕ್ಕೆ ರೈಲಲ್ಲಿ ಮುಕ್ಕಾಲು ಗಂಟೆ. ಆ ಸಂಗೀತ ಅಷ್ಟು ದೂರ ಬರಬಾರದಾ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಡಿಸ್ಕ್ ಅಂತ ಹೇಳುತ್ತೇನೆ, ಆದರೆ ನಿಮ್ಮ ಎರಡು ದೂರುಗಳಲ್ಲಿ ಡಿಸ್ಕಿನ ತಪ್ಪು ಏನೂ ಇಲ್ಲ. ಅದು ಸರಿಹೋಗದೆ ಯಾವುದನ್ನು ತರಿಸಿದರೂ ಅದೇ ಬೇಜಾರು.

ಹಿಂದಿನ ಸ್ಪೀಕರ್ ಸುಮ್ಮನಿದೆ ಅಂದಿರಲ್ಲ. ಅದು ಸುಮ್ಮನೆ ಇರಬೇಕಾದ್ದೇ. ಸಿನಿಮಾದಲ್ಲಿ ಹಿಂದಿನಿಂದ ಹೆಲಿಕಾಪ್ಟರ್ ಬರುತ್ತದೆ, ಮಳೆ ಬರುತ್ತದೆ, ಗುಂಡು ಹಾರುತ್ತದೆ. ನಮ್ಮ ಕಿವಿ ಅದಕ್ಕೆ ಒಗ್ಗಿಬಿಟ್ಟಿದೆ. ಸುತ್ತಲೂ ಸ್ಪೀಕರ್ ಇದೆ ಅಂದಮೇಲೆ ಸುತ್ತಲೂ ಕೋರಸ್ ಹಾಡಬೇಕು ಅಂತ ಅಂದುಕೊಳ್ಳುತ್ತೇವೆ. ತ್ಯಾಗರಾಜರ ಆರಾಧನೆಯಲ್ಲಿ ಪಂಚರತ್ನ ಗೋಷ್ಠಿಗೆ ಕೂತಿದ್ದೀರಿ ಅಲ್ವಾ? ಬಲಗಡೆ ಒಬ್ಬರು ಗಟ್ಟಿಯಾಗಿ ಹಾಡುತ್ತಾರೆ, ಎಡಗಡೆ ಒಬ್ಬರು ಅರ್ಧ ಶ್ರುತಿ ಕೆಳಗೆ, ಬೆನ್ನ ಹಿಂದೆ ಯಾರೋ ತೊಡೆ ಮೇಲೆ ತಾಳ ಹಾಕುತ್ತಾರೆ. ನೀವು ಹಾಡಿನ ಒಳಗೇ ಕೂತಿರುತ್ತೀರಿ. ಮಾಲರ್ ಡಿಸ್ಕುಗಳು ನಿಮ್ಮನ್ನು ಅಲ್ಲಿ ಕೂರಿಸುವುದಿಲ್ಲ. ಅವು ಕೊಡುವುದು ಕಛೇರಿ ನಡೆಯುವ ಹಾಲಿನಲ್ಲಿ ಒಂದು ಒಳ್ಳೇ ಸೀಟು. ಹಾಡುವವರೆಲ್ಲ ಎದುರಿಗೆ. ಹಿಂದಿನಿಂದ ಬರುವುದು ಗೋಡೆ ಮತ್ತು ಚಾವಣಿಗೆ ಬಡಿದು ವಾಪಸಾದ ಸದ್ದು ಮಾತ್ರ.

ನಂಬಿಕೆ ಬರಲಿಲ್ಲ ಅಂದರೆ ಒಂದು ಕೆಲಸ ಮಾಡಿ. ಕೋರಸ್ ಜೋರಾಗಿ ಹಾಡುವ ಜಾಗವೊಂದನ್ನು ಹಿಂದಿನ ಎರಡು ಸ್ಪೀಕರಿನ ವೈರ್ ತೆಗೆಸಿ ಕೇಳಿ (ಸ್ಪೀಕರುಗಳಿಗೆ ಸದ್ದು ಹಂಚುವ ರಿಸೀವರನ್ನು ಆಫ್ ಮಾಡಿ ತೆಗೆಯಿರಿ, ಹಾಡುವಾಗ ಎಳೆಯಬೇಡಿ). ಮೊದಲು ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ ಅದೇ ಜಾಗ ಹಾಕಿ. ಎದುರಿನ ಗೋಡೆ ಹತ್ತು ಅಡಿ ಹಿಂದಕ್ಕೆ ಸರಿದ ಹಾಗೆ ಆಗುತ್ತದೆ. ಹಿಂದಿನ ಸ್ಪೀಕರ್ ಮಾಡುವ ಕೆಲಸ ಮುಂದೆ ಕಾಣಿಸುತ್ತದೆ. ಇದನ್ನು ನಾನು ಎಷ್ಟೋ ಜನರಿಗೆ ತೋರಿಸಿದ್ದೇನೆ, ಪ್ರತಿ ಸಲ ಅವರು ತಿರುಗಿ ನೋಡುವುದು ಹಿಂದಕ್ಕಲ್ಲ, ಮುಂದಕ್ಕೇ.

ಸೆಟ್ಟಿಂಗ್ ಒಂದು ಸಲ ನೋಡಿಬಿಡಿ. ಸಿನಿಮಾಗೆ ಹಾಕಿಕೊಡುವವರು ಹಿಂದಿನ ಸ್ಪೀಕರನ್ನು ಮೂರು ನಾಲ್ಕು ಡೆಸಿಬಲ್ ಜಾಸ್ತಿ ಇಟ್ಟು ಹೋಗಿರುತ್ತಾರೆ, ಮಾಲೀಕರಿಗೆ ಖುಷಿಯಾಗಲಿ ಅಂತ. ಸಂಗೀತಕ್ಕೆ ಅದು ಹಾಳು. ರಿಸೀವರಿನ ಟೆಸ್ಟ್ ಟೋನ್ ಹಾಕಿ, ನೀವು ಕೂರುವ ಜಾಗದಲ್ಲಿ ಐದೂ ಸ್ಪೀಕರ್ ಸಮಕ್ಕೆ ಕೇಳುವ ಹಾಗೆ ಮಾಡಿ. ದೂರವನ್ನೂ ಟೇಪ್ ಹಿಡಿದು ಅಳೆದು ಹಾಕಿ. ನಿಮ್ಮಂಥ ಕೋಣೆಯಲ್ಲಿ ಮುಂದಿನ ಸ್ಪೀಕರ್ ಒಂಬತ್ತು ಅಡಿ ಇದ್ದರೆ ಹಿಂದಿನದು ನಾಲ್ಕೇ ಅಡಿ ಇರುತ್ತದೆ. ಅಂದರೆ ಹಿಂದಿನ ಸದ್ದು ನಾಲ್ಕೈದು ಮಿಲಿಸೆಕೆಂಡ್ ಮೊದಲೇ ಕಿವಿಗೆ ಬಂದುಬಿಡುತ್ತದೆ. ಮಾರ್ದನಿಯನ್ನು ಹೊತ್ತ ಸ್ಪೀಕರ್ ಹಾಗೆ ಮುಂದೋಡಬಾರದು ನೋಡಿ. ಜಾಗದ ವಿಷಯಕ್ಕೆ ಬಂದರೆ, ಸಂಗೀತಕ್ಕೆ ಹಿಂದಿನ ಸ್ಪೀಕರ್ ಪೂರ್ತಿ ಬೆನ್ನ ಹಿಂದೆ ಬೇಡ. ಕಿವಿಯಿಂದ ಸ್ವಲ್ಪವೇ ಹಿಂದಕ್ಕೆ, ಎದುರಿನಿಂದ ಅಳೆದರೆ 100ರಿಂದ 120 ಡಿಗ್ರಿ ಒಳಗೆ ಇದ್ದರೆ ಸರಿ.

ಆರ್ಗನ್ ಪೇಲವ ಅಂದಿರಿ. ಇದು ಜಾಸ್ತಿ ಜನ ಗಮನಿಸದ ಜಾಗ. ಎಸ್‌ಎಸಿಡಿಯಲ್ಲಿ ಸದ್ದು ಇರುವುದು ಡಿಎಸ್‌ಡಿ ಅನ್ನುವ ರೂಪದಲ್ಲಿ. ಎಷ್ಟೋ ರಿಸೀವರ್‌ಗಳು ಡಿಎಸ್‌ಡಿಯನ್ನು ನೇರವಾಗಿ ತೆಗೆದುಕೊಂಡಾಗ ನೀವು ಹಾಕಿದ ಲೆವೆಲ್, ದೂರ, ಸಬ್‌ವೂಫರ್ ಲೆಕ್ಕ ಯಾವುದನ್ನೂ ನೋಡುವುದಿಲ್ಲ. ಐದೂ ಸ್ಪೀಕರಿಗೆ ಎಲ್ಲ ಸದ್ದನ್ನೂ ಹಾಗೇ ಕಳಿಸಿಬಿಡುತ್ತವೆ. ಈ ಸಿಂಫನಿ ಶುರುವಾಗುವುದೇ ಆರ್ಗನ್ನಿನ ಇ-ಫ್ಲ್ಯಾಟ್ ಮೇಜರ್ ಸ್ವರಗುಚ್ಛದಿಂದ. ಮಂದ್ರದ ಆ ಇ-ಫ್ಲ್ಯಾಟ್ ಇರುವುದು 39 ಹರ್ಟ್ಸ್ ಆಸುಪಾಸಿನಲ್ಲಿ. ಐದಿಂಚಿನ ಕೋನ್ ಇರುವ ಪುಟ್ಟ ಸ್ಪೀಕರಿಗೆ ಆ ಸ್ವರ ಎತ್ತುವ ತಾಕತ್ತಿಲ್ಲ. ಸಬ್‌ವೂಫರ್ ಪಕ್ಕದಲ್ಲೇ ಇದ್ದರೂ ಅದಕ್ಕೆ ಸುದ್ದಿಯೇ ಹೋಗಿರುವುದಿಲ್ಲ. ಸಿನಿಮಾದಲ್ಲಿ ಧಡ್ ಅನ್ನುವ ಸದ್ದಿಗೆ ಪ್ರತ್ಯೇಕ ಚಾನೆಲ್ ಇರುತ್ತದೆ, ಸಂಗೀತದ ಡಿಸ್ಕಿನಲ್ಲಿ ಆ ಚಾನೆಲ್ ಬಹಳ ಸಲ ಖಾಲಿಯೇ. ಹಾಗಾಗಿ ಪ್ಲೇಯರಿನ ಮೆನುವಿಗೆ ಹೋಗಿ ಡಿಎಸ್‌ಡಿ ಬದಲು ಪಿಸಿಎಂ ಅನ್ನುವ ಇನ್ನೊಂದು ಡಿಜಿಟಲ್ ರೂಪದಲ್ಲಿ ಕಳಿಸಲು ಹೇಳಿ. ರಿಸೀವರಿನಲ್ಲಿ ಸ್ಪೀಕರುಗಳನ್ನು ‘ಸ್ಮಾಲ್’ ಅಂತ ಇಟ್ಟು 80 ಹರ್ಟ್ಸಿನಿಂದ ಕೆಳಗಿನದ್ದೆಲ್ಲ ಸಬ್‌ವೂಫರಿಗೆ ಹೋಗಲಿ. ಆಮೇಲೆ ಅದೇ ಡಿಸ್ಕಿನ ಮೊದಲ ಐದು ಸೆಕೆಂಡ್ ಕೇಳಿ.

ಇನ್ನೂ ಒಂದು ವಿಷಯ ಇದೆ. ಈ ಡಿಸ್ಕುಗಳು ಹೆಚ್ಚಿನವು ಹೈಬ್ರಿಡ್. ಒಂದೇ ತಟ್ಟೆಯಲ್ಲಿ ಮಾಮೂಲಿ ಸಿಡಿ ಪದರವೂ ಇರುತ್ತದೆ, ಎಸ್‌ಎಸಿಡಿ ಪದರವೂ ಇರುತ್ತದೆ. ಎಸ್‌ಎಸಿಡಿ ಒಳಗೇ ಸ್ಟೀರಿಯೊ ಬೇರೆ, ಮಲ್ಟಿಚಾನೆಲ್ ಬೇರೆ. ಪ್ಲೇಯರ್ ಯಾವುದನ್ನು ಓದುತ್ತಿದೆ ಅಂತ ಡಿಸ್ಪ್ಲೇ ನೋಡಿ. ನನ್ನ ಹತ್ತಿರ ಬಂದ ಒಬ್ಬರು ಎರಡು ತಿಂಗಳು ಸಿಡಿ ಪದರವನ್ನೇ ಕೇಳಿ, ರಿಸೀವರ್ ಅದನ್ನು ಐದು ಸ್ಪೀಕರಿಗೆ ಹರಡಿದ್ದನ್ನೇ ಸರೌಂಡ್ ಅಂದುಕೊಂಡಿದ್ದರು.

ಈಗ ಡಿಸ್ಕುಗಳನ್ನು ಹೋಲಿಸೋಣ. ಎಲ್ಲರೂ ಮಾಡುವುದು ಮೊದಲ ನಿಮಿಷ ಹಾಕುವುದು. ಆರ್ಗನ್ ಮೊಳಗುತ್ತದೆ, ಎರಡು ಕೋರಸ್ ಒಟ್ಟಿಗೆ ಲ್ಯಾಟಿನ್ನಿನಲ್ಲಿ ‘ವೇನಿ, ವೇನಿ’ (ಬಾ, ಬಾ) ಅಂತ ನುಗ್ಗುತ್ತವೆ, ಮೈ ಜುಮ್ ಅನ್ನುತ್ತದೆ. ಆದರೆ ಆ ನಿಮಿಷದಲ್ಲಿ ಕೆಟ್ಟ ರೆಕಾರ್ಡಿಂಗೂ ಚೆನ್ನಾಗಿಯೇ ಕೇಳುತ್ತದೆ. ಸದ್ದೇ ಅಷ್ಟಿದೆ! ನಾನು ನೋಡುವುದು ಕೊನೆಯ ಕೋರಸನ್ನು. ಗಯಟೆಯ ಫೌಸ್ಟ್ ನಾಟಕದ ಕಡೆಯ ಸಾಲುಗಳವು, ಕಣ್ಣಿಗೆ ಕಾಣುವುದೆಲ್ಲ ಬರೀ ಸಂಕೇತ ಅನ್ನುವ ಅರ್ಥದವು. ಅಲ್ಲಿ ಮಾಲರ್ ‘ಒಂದು ಉಸಿರಿನ ಹಾಗೆ’ ಅಂತ ಬರೆದಿದ್ದಾನೆ. 1910ರ ಸೆಪ್ಟೆಂಬರ್ 12ರಂದು ಮ್ಯೂನಿಕ್‌ನಲ್ಲಿ ಅವನೇ ಮೊದಲ ಸಲ ಇದನ್ನು ನಡೆಸಿದಾಗ ಹಾಡುವವರು ನುಡಿಸುವವರು ಸೇರಿ ಸಾವಿರಕ್ಕೂ ಮೀರಿ ಜನ ಇದ್ದರು. ಅಷ್ಟು ಜನರನ್ನು ಗುಡ್ಡೆ ಹಾಕಿ ಅವನು ಕೇಳಿದ್ದು ಪಿಸುಮಾತು.

ನೂರು ಜನ ಪಿಸುಗುಟ್ಟುವುದಕ್ಕೂ ಒಬ್ಬ ಪಿಸುಗುಟ್ಟುವುದಕ್ಕೂ ವ್ಯತ್ಯಾಸ ಇದೆ. ಸದ್ದು ಅಷ್ಟೇ ಚಿಕ್ಕದು, ಆದರೆ ಅಗಲ. ಮುಂಜಾನೆ ಗದ್ದೆ ಮೇಲೆ ಮಂಜು ಕೂತ ಹಾಗೆ ಎಡ ತುದಿಯಿಂದ ಬಲ ತುದಿವರೆಗೆ ಹರಡಿರುತ್ತದೆ. ಒಳ್ಳೇ ಸರೌಂಡ್ ರೆಕಾರ್ಡಿಂಗಿನಲ್ಲಿ ಆ ಅಗಲ ಕೇಳುತ್ತದೆ. ಜೊತೆಗೆ ಸಭಾಂಗಣ ಉಸಿರು ಬಿಗಿಹಿಡಿದದ್ದೂ ಕೇಳುತ್ತದೆ. ಹಿಂದಿನ ಸ್ಪೀಕರಿನ ನಿಜವಾದ ಕೆಲಸ ಅಲ್ಲಿದೆ. ಆದ್ದರಿಂದ ಹೋಲಿಸುವ ದಿನ ಹೀಗೆ ಮಾಡಿ: ರಾತ್ರಿ ಕೂರಿ, ಫ್ಯಾನ್ ಆಫ್ ಮಾಡಿ, ಆ ಕೊನೆಯ ಕೋರಸಿನ ಪದಗಳು ಕಿವಿಗೆ ಸಿಕ್ಕುವಷ್ಟೇ ವಾಲ್ಯೂಮ್ ಇಡಿ. ಆಮೇಲೆ ಮುಟ್ಟಬೇಡಿ. ಹಾಗೇ ಮೊದಲಿಗೆ ಹೋಗಿ. ಶುರುವಿನ ಆರ್ಗನ್ ನಿಮ್ಮ ಕೋಣೆ ತಡೆಯುವಷ್ಟಿದ್ದರೆ ಆ ಡಿಸ್ಕ್ ನಿಮ್ಮದು. ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿದರೆ ಅದು ಎಷ್ಟು ದೊಡ್ಡ ಹೆಸರಿನ ಡಿಸ್ಕ್ ಆದರೂ ನಿಮ್ಮ ಕೋಣೆಗೆ ಆಗುವುದಿಲ್ಲ.

ಲಂಡನ್ನಿನದನ್ನು ಮೊದಲು ತಗೊಳ್ಳೋಣ, ಅದಕ್ಕೆ ಅನ್ಯಾಯ ಆಗಿದೆ. 2008ರ ಜುಲೈನಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಗೆರ್ಗಿಯೆವ್ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ನಡೆಸಿದ್ದು. ಆ ಗುಮ್ಮಟದ ಕೆಳಗೆ ಒಂದು ಸದ್ದು ಮಾಡಿದರೆ ಸುಮಾರು ಹೊತ್ತು ಸುತ್ತುತ್ತಲೇ ಇರುತ್ತದೆ. ನಮ್ಮ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೆ ಕ್ರಿಸ್ಮಸ್ ಹೊತ್ತಿಗೆ ಹೋಗಿ ಒಂದು ಸಲ ನಿಂತು ನೋಡಿ. ಬಾಗಿಲ ಹತ್ತಿರ ನಿಂತರೆ ಹಾಡಿನ ಪದ ಒಂದೂ ಸಿಕ್ಕುವುದಿಲ್ಲ, ಬರೀ ಗುಂಗು. ಕಂಬಗಳ ನಡುವೆ ಮುಂದೆ ನಡೆಯುತ್ತಾ ಹೋಗಿ. ನಾಲ್ಕನೇ ಸಾಲಿನ ಬೆಂಚಿನ ಹತ್ತಿರ ಬಂದಾಗ ಒಂದು ಜಾಗದಲ್ಲಿ ಪದ ಎದುರಿನಿಂದ ಬರುತ್ತದೆ, ಗುಂಗು ತಲೆಯ ಮೇಲಿಂದಲೂ ಬೆನ್ನಿಂದಲೂ ಬರುತ್ತದೆ, ಎರಡೂ ಬೇರೆಬೇರೆಯಾಗಿ. ಗುಂಗು ಕಡಿಮೆಯಾಗಿರುವುದಿಲ್ಲ. ಎರಡೂ ಬೇರೆ ದಿಕ್ಕಿನಿಂದ ಬರುವುದರಿಂದ ಕಿವಿ ವಿಂಗಡಿಸಿಕೊಳ್ಳುತ್ತದೆ, ಅಷ್ಟೇ. ಇದೇ ಸದ್ದನ್ನು ಎರಡು ಸ್ಪೀಕರಿಗೆ ತುರುಕಿದರೆ ಪದವೂ ಗುಂಗೂ ಒಂದೇ ಡಬ್ಬಿಯಿಂದ ಬರುತ್ತವೆ. ನಿಮ್ಮ ಸ್ನೇಹಿತರ ಮನೆಯಲ್ಲಿ ಆದದ್ದು ಅದೇ. ಸ್ಟೀರಿಯೊದಿಂದ ಸರೌಂಡಿಗೆ ಬಂದಾಗ ಅತಿ ಹೆಚ್ಚು ಗೆಲ್ಲುವ ಡಿಸ್ಕ್ ಇದು. ಅದನ್ನು ಇಸಿದುಕೊಂಡು ಬಂದು ನಿಮ್ಮ ಮನೆಯಲ್ಲೊಮ್ಮೆ ಕೇಳಲೇಬೇಕು. ಆದರೂ ಒಂದೇ ಡಿಸ್ಕ್ ಅಂದರೆ ಇದನ್ನು ಹೇಳಲಾರೆ. ಮೊದಲ ಭಾಗದ ಮಧ್ಯದಲ್ಲಿ ಎರಡು ಕೋರಸ್ ಒಂದರ ಮೇಲೊಂದು ಬಿದ್ದು ಹೆಣೆಯುವ ಕಡೆ ಸರೌಂಡಿನಲ್ಲೂ ಎಳೆಗಳು ಕೈಗೆ ಸಿಕ್ಕುವುದಿಲ್ಲ. ಗೆರ್ಗಿಯೆವ್ ಅಲ್ಲಿ ಅವಸರವನ್ನೂ ಮಾಡುತ್ತಾರೆ.

ಮಿನ್ನಿಯಾಪೊಲಿಸ್‌ನದು ಇದಕ್ಕೆ ತದ್ವಿರುದ್ಧ. ಓಸ್ಮೊ ವಾನ್ಸ್ಕಾ ಮಿನ್ನೆಸೋಟ ಆರ್ಕೆಸ್ಟ್ರಾ ಬಿಟ್ಟುಹೋಗುವ ಹೊತ್ತಿಗೆ, 2022ರ ಜೂನ್‌ನಲ್ಲಿ ಮಾಡಿದ್ದು. ಬಿಐಎಸ್ ಅನ್ನುವ ರೆಕಾರ್ಡಿಂಗ್ ಕಂಪನಿಯದು. ಎಳೆ ಎಳೆ ಬಿಡಿಸಿ ಇಟ್ಟ ಹಾಗೆ. ಮ್ಯಾಂಡೊಲಿನ್ ಎಲ್ಲಿದೆ, ಹಾರ್ಮೋನಿಯಂ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು (ಹೌದು, ಈ ಸಿಂಫನಿಯಲ್ಲಿ ಹಾರ್ಮೋನಿಯಂ ಇದೆ, ನಮ್ಮದಲ್ಲ, ಕಾಲಲ್ಲಿ ಒತ್ತುವುದು). ಕೊನೆಯ ಕೋರಸ್ ನಾನು ಕೇಳಿದ್ದರಲ್ಲೇ ಅತಿ ಚಂದ. ತೊಂದರೆ ಏನೆಂದರೆ ಈ ಕಂಪನಿಯವರು ಸಣ್ಣ ಸದ್ದನ್ನು ದೊಡ್ಡದು ಮಾಡುವುದಿಲ್ಲ, ದೊಡ್ಡದನ್ನು ಸಣ್ಣದೂ ಮಾಡುವುದಿಲ್ಲ, ಇದ್ದ ಹಾಗೇ ಬಿಡುತ್ತಾರೆ. ರಸ್ತೆ ಪಕ್ಕದ ಮನೆಯಾದರೆ, ಕೆಳಗಡೆ ಮಿಕ್ಸಿ ಓಡುತ್ತಿದ್ದರೆ, ಆ ಪಿಸುಮಾತು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ. ಊರೆಲ್ಲ ಮಲಗಿದ ಮೇಲೆ ಕೇಳುವವರಿಗೆ ಇದಕ್ಕಿಂತ ಒಳ್ಳೇದಿಲ್ಲ.

ಸಾಲ್ಟ್ ಲೇಕ್ ಸಿಟಿಯದು ಕೋರಸ್ ಪ್ರಿಯರಿಗೆ. 2016ರಲ್ಲಿ ಥಿಯರಿ ಫಿಷರ್ ಯೂಟಾ ಸಿಂಫನಿ ಆರ್ಕೆಸ್ಟ್ರಾ ಜೊತೆ, ಟೇಬರ್‌ನೇಕಲ್ ಅನ್ನುವ ಪ್ರಾರ್ಥನಾ ಮಂದಿರದಲ್ಲಿ, ಅದರದೇ ಕೋರಸನ್ನು ಸೇರಿಸಿ ಮಾಡಿದ್ದು. ಅದೊಂದೇ ಕೋರಸಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ. ಆ ಕಟ್ಟಡ 1867ರದು, ಕವುಚಿ ಹಾಕಿದ ಬೋಗುಣಿಯಂಥ ಚಾವಣಿ. ಒಂದು ತುದಿಯಲ್ಲಿ ಗುಂಡುಸೂಜಿ ಬೀಳಿಸಿ ಇನ್ನೊಂದು ತುದಿಯಲ್ಲಿ ಕೇಳುವುದನ್ನು ನೋಡಲು ಬಂದವರಿಗೆ ಮಾಡಿ ತೋರಿಸುತ್ತಾರೆ. ಜನಸ್ತೋಮದ ಭಾರ ಅಂದರೆ ಏನು ಅಂತ ಗೊತ್ತಾಗಬೇಕಾದರೆ ಇದು. ಒಬ್ಬೊಬ್ಬರೇ ಹಾಡುವ ಕಡೆ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ.

ಲ್ಯೂಸರ್ನ್‌ನ ಬ್ಲೂ-ರೇ ಬೇರೆ ಜಾತಿ. 2016ರಲ್ಲಿ ರಿಕಾರ್ಡೊ ಶಾಯಿ ಅಲ್ಲಿನ ಸಂಗೀತ ಹಬ್ಬದ ಆರ್ಕೆಸ್ಟ್ರಾದ ಹೊಣೆ ಹೊತ್ತ ಮೊದಲ ಕಛೇರಿ. ಹಿಂದಿನ ನಿರ್ದೇಶಕ ಕ್ಲಾಡಿಯೊ ಅಬ್ಬಾಡೊ ಮಾಲರ್ ಸರಣಿಯಲ್ಲಿ ಈ ಎಂಟನೆಯದೊಂದನ್ನು ಮಾಡದೆ ಉಳಿಸಿ ಹೋಗಿದ್ದರು, ಅವರ ನೆನಪಿಗೆ ಮಾಡಿದ್ದು. ಇದರಲ್ಲಿ ಕಣ್ಣಿಗೂ ಕಾಣುತ್ತದೆ. ಮಾಲರ್ ನಾಲ್ಕು ಟ್ರಂಪೆಟ್ ಮೂರು ಟ್ರಾಂಬೋನ್‌ಗಳನ್ನು ಮುಖ್ಯ ಆರ್ಕೆಸ್ಟ್ರಾದಿಂದ ದೂರ ನಿಲ್ಲಿಸಲು ಹೇಳಿದ್ದಾನೆ, ಎರಡು ಭಾಗದ ಕೊನೆಯಲ್ಲೂ ಅವು ಮೊಳಗುತ್ತವೆ. ದೇವಮಾತೆಯ ಪಾತ್ರದ ಗಾಯಕಿಯನ್ನು ಸಾಮಾನ್ಯವಾಗಿ ಎಲ್ಲೋ ಎತ್ತರದಲ್ಲಿ ನಿಲ್ಲಿಸುತ್ತಾರೆ. 5.1ರಲ್ಲಿ ಎತ್ತರಕ್ಕೆ ಸ್ಪೀಕರ್ ಇಲ್ಲವಲ್ಲ, ದೂರ ಗೊತ್ತಾಗುತ್ತದೆ, ಎತ್ತರ ಗೊತ್ತಾಗುವುದಿಲ್ಲ. ಒಂದು ಸಲ ಕಣ್ಣಲ್ಲಿ ನೋಡಿದ ಮೇಲೆ ಕಿವಿ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಜ್ಯೂರಿಕ್‌ನ ಜಿನ್ಮನ್, ಬರ್ಲಿನ್ನಿನ ನಗಾನೊ ಡಿಸ್ಕುಗಳೂ ಇವೆ, ಅಡ್ಡಿಯಿಲ್ಲ, ನಿಮಗೆ ಅಗತ್ಯ ಕಾಣುವುದಿಲ್ಲ.

ನಿಮಗೆ ನಾನು ಹೇಳುವುದು ನೀವು ಬೇಜಾರು ಮಾಡಿಕೊಂಡ ಆ ಸ್ಯಾನ್ ಫ್ರಾನ್ಸಿಸ್ಕೊದ್ದೇ. ಮೈಕಲ್ ಟಿಲ್ಸನ್ ಥಾಮಸ್ 2008ರ ನವೆಂಬರಿನಲ್ಲಿ ಡೇವಿಸ್ ಹಾಲಿನಲ್ಲಿ, ಜನರ ಎದುರಿನಲ್ಲೇ ನಡೆಸಿದ್ದು. 2010ರಲ್ಲಿ ಮೂರು ಗ್ರ್ಯಾಮಿ ಬಂತು, ಅದರಲ್ಲಿ ಒಂದು ಧ್ವನಿಮುದ್ರಣಕ್ಕೇ. ಪ್ರಶಸ್ತಿ ನೋಡಿ ಹೇಳುತ್ತಿಲ್ಲ. ಆರ್ಕೆಸ್ಟ್ರಾ ಎದುರಿಗೆ, ಅದರ ಹಿಂದೆ ಒಂದು ಹೆಜ್ಜೆ ಎತ್ತರದಲ್ಲಿ ನಿಂತ ಹಾಗೆ ಕೋರಸ್, ಮಕ್ಕಳ ದನಿ ಎಲ್ಲದರ ಮೇಲೆ ತೇಲುತ್ತದೆ, ಯಾವುದೂ ಯಾವುದನ್ನೂ ನುಂಗುವುದಿಲ್ಲ. ಲಾರಾ ಕ್ಲೇಕೂಂಬ್ ದೇವಮಾತೆಯಾಗಿ ಹಾಡುವ ಆ ಕೆಲವೇ ಸಾಲುಗಳಲ್ಲಿ ದನಿ ಎಲ್ಲಿಂದಲೋ ಇಳಿದ ಹಾಗಿದೆ. ಪಿಸುಮಾತಿಗೂ ಗರ್ಜನೆಗೂ ನಡುವಿನ ಅಂತರ ದೊಡ್ಡದೇ, ಆದರೆ 12×14ರ ಕೋಣೆ ತಡೆಯುತ್ತದೆ. ಎರಡು ಡಿಸ್ಕ್ ಬರುತ್ತದೆ, ಮಾಲರ್ ಪೂರ್ತಿ ಮಾಡದೆ ಹೋದ ಹತ್ತನೆಯ ಸಿಂಫನಿಯ ಮೊದಲ ಭಾಗವೂ ಜೊತೆಗಿದೆ. ಹೇಗೂ ಸ್ನೇಹಿತರದ್ದು ಮನೆಯಲ್ಲೇ ಇದೆಯಲ್ಲ. ಮೇಲೆ ಹೇಳಿದ ಸೆಟ್ಟಿಂಗ್ ಮಾಡಿಕೊಂಡು ಅದನ್ನೇ ಮತ್ತೆ ಕೇಳಿ, ಹಿಡಿಸಿದರೆ ಮಗನಿಗೆ ಹೇಳಿ. ಊರೆಲ್ಲ ಮಲಗಿದ ಮೇಲೆ ಕೇಳುವ ಅಭ್ಯಾಸ ನಿಮಗಿದ್ದರೆ ಮಾತ್ರ ಮಿನ್ನಿಯಾಪೊಲಿಸ್.

ಸೋಲ್ಟಿಯದನ್ನು ಬಿಸಾಕಬೇಡಿ. 1971ರಲ್ಲಿ ಷಿಕಾಗೊ ಆರ್ಕೆಸ್ಟ್ರಾ ಯುರೋಪ್ ಪ್ರವಾಸದಲ್ಲಿದ್ದಾಗ ವಿಯೆನ್ನಾದ ಸೋಫಿಯೆನ್‌ಜಾಲ್‌ನಲ್ಲಿ ಮಾಡಿದ್ದು ಅದು, 2001ರಲ್ಲಿ ಆ ಸಭಾಂಗಣ ಬೆಂಕಿಗೆ ಹೋಯಿತು. ಅದನ್ನು ಎರಡು ಸ್ಪೀಕರಿನಲ್ಲೇ ಕೇಳಿ. ರಿಸೀವರಿನ ಸರೌಂಡ್ ಬಟನ್ ಒತ್ತಿ ಐದಕ್ಕೆ ಹರಡಿದರೆ ಆ ಹಾಲಿನ ಸದ್ದು ಹೋಗಿ ರಿಸೀವರಿನ ಸದ್ದು ಬರುತ್ತದೆ.

ನೆಲಕ್ಕೆ ಗ್ರಾನೈಟ್ ಹಾಕಿಸಿದ್ದರೆ ಮುಂದಿನ ಸ್ಪೀಕರಿಗೂ ನಿಮಗೂ ನಡುವೆ ದಪ್ಪ ಜಮಖಾನೆ ಹಾಸಿ. ಅದೇ ಕೋಣೆಯಲ್ಲಿ ಕಬ್ಬಿಣದ ಬೀರು ಇದೆಯಾ? ಪಿಸಿಎಂ ಮಾಡಿ ಸಬ್‌ವೂಫರ್ ಸೇರಿಸಿದ ಮೊದಲ ದಿನ ಆರ್ಗನ್ ಶುರುವಾದ ಕೂಡಲೇ ಅದರ ಬಾಗಿಲು ಗರ್ರ್ ಅನ್ನುತ್ತದೆ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಎರಡು ದಿನ ಸ್ಪೀಕರ್ ಹರಿದಿದೆ ಅಂತಲೇ ಹುಡುಕಿದೆ, ಕೊನೆಗೆ ಬೀರುವಿನ ಹಿಡಿ ಮುಟ್ಟಿದಾಗ ಗೊತ್ತಾಯಿತು. ರಟ್ಟಿನ ಚೂರೊಂದನ್ನು ಮಡಿಸಿ ಬಾಗಿಲ ಸಂದಿಗೆ ಸಿಕ್ಕಿಸಿ, ನಿಲ್ಲುತ್ತದೆ.